ಬಾಲಕ ಬಿಟ್ಟ ಬಾಣ ಬೈಬಲ್ಲಿಗೆ ನಾಟಿತು!

ಗುರುವಾರ ಮೊದಲ ಸಲ ಮೀನು ಕಾಣಿಕೆ ತೆಗೆದುಕೊಂಡು ಹೋದವನು ಜೀವ ಕೈಯಲ್ಲಿ ಹಿಡಿದು ವಾಪಸು ಬಂದ. ಅದೇ ದಿನ ಎರಡನೇ ಸಲ ಕತ್ತರಿ, ಪಿನ್ನು, ಫುಟ್‌ಬಾಲ್ ಹೊತ್ತುಕೊಂಡು ಹೋದವನು ದೋಣಿ ಕಳೆದುಕೊಂಡು ಈಜಿಕೊಂಡು ಬಂದ. ಶುಕ್ರವಾರ ಮತ್ತೆ ಹೋದ. ಬರಲೇ ಇಲ್ಲ.

ಹೆಸರು ಜಾನ್ ಆಲೆನ್ ಚೌ. ವಯಸ್ಸು 26. ಬೆಳೆದದ್ದು ಅಮೆರಿಕದ ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್ ಎಂಬ ಊರಿನಲ್ಲಿ. ಹೋದದ್ದು ನಮ್ಮದೇ ದೇಶದ ಅಂಡಮಾನ್ ದ್ವೀಪಗಳಲ್ಲಿ ಒಂದಾದ ಉತ್ತರ ಸೆಂಟಿನೆಲ್‌ಗೆ. ಹೋದ ಉದ್ದೇಶ, ಹೊರಜಗತ್ತಿನ ಗಂಧಗಾಳಿ ಇಲ್ಲದ ಆ ಜನಕ್ಕೆ ಏಸುವಿನ ಸುವಾರ್ತೆ ಸಾರುವುದು. 2018ರ ನವೆಂಬರ್ 15, ಗುರುವಾರದ ಮಾತಿದು.

ಸುದ್ದಿ ಹೊರಬಿದ್ದಾಗ ಹುಚ್ಚ ಎಂದವರುಂಟು, ಹುತಾತ್ಮ ಎಂದವರುಂಟು. ಎರಡೂ ಸುಲಭದ ಮಾತು. ಆ ದಿನ ಏನೇನಾಯಿತು ಅಂತ ಜಾನ್ ತನ್ನ ಕೈಯಾರೆ 13 ಪುಟ ಬರೆದು ಮೀನುಗಾರರ ಕೈಗೆ ಕೊಟ್ಟುಹೋಗಿದ್ದ. ಮಗ ಹೋದ ಮೇಲೆ ತಾಯಿ ಆ ಬರಹವನ್ನು ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಗೆ ಕೊಟ್ಟರು. ಅದನ್ನು ನೋಡಿದರೆ ಈತ ಹುಚ್ಚನೂ ಅಲ್ಲ, ಏನೂ ತಿಳಿಯದೆ ನುಗ್ಗಿದ ಅಮಾಯಕನೂ ಅಲ್ಲ ಎಂಬುದು ಸ್ಪಷ್ಟ. ಎಲ್ಲ ತಿಳಿದೇ ಹೋಗಿದ್ದ. ಕಥೆಯ ಕಷ್ಟ ಇರುವುದೇ ಇಲ್ಲಿ.

ಎಂಥ ದ್ವೀಪ ಇದು?

ಪೋರ್ಟ್ ಬ್ಲೇರ್‌ನಿಂದ ಪಶ್ಚಿಮಕ್ಕೆ ಸುಮಾರು 50 ಕಿಲೋಮೀಟರು. ವಿಸ್ತೀರ್ಣ ಹೆಚ್ಚುಕಡಿಮೆ 60 ಚದರ ಕಿಲೋಮೀಟರು. ಸುತ್ತ ಹವಳದ ದಿಬ್ಬ, ಅದರಾಚೆ ಬಿಳಿ ಮರಳು, ಅದರ ಹಿಂದೆ ದಟ್ಟ ಕಾಡು. ಎಷ್ಟು ಜನ ಇದ್ದಾರೆ? ಲೆಕ್ಕ ಸಿಕ್ಕಿಲ್ಲ. 2011ರ ಜನಗಣತಿಯವರು ದೂರದಿಂದಲೇ ಕಂಡಷ್ಟು ತಲೆ ಎಣಿಸಿ 15 ಎಂದು ಬರೆದುಕೊಂಡು ಬಂದರು. ಐವತ್ತರಿಂದ ನೂರೈವತ್ತರವರೆಗೆ ಇರಬಹುದು ಎಂಬುದು ಅಂದಾಜು. ಅವರ ಭಾಷೆ ಹೊರಗಿನ ಒಬ್ಬರಿಗೂ ಬರುವುದಿಲ್ಲ. ಪಕ್ಕದ ದ್ವೀಪದ ಓಂಗೆ ಜನಾಂಗದವರನ್ನು ಕರೆದೊಯ್ದು ಮಾತಾಡಿಸಲು ನೋಡಿದ್ದಾಯಿತು. ಅವರಿಗೂ ಒಂದಕ್ಷರ ಅರ್ಥವಾಗಲಿಲ್ಲ.

ಇವರು ಹುಟ್ಟಾ ಕೊಲೆಗಡುಕರು ಅಂತ ತಿಳಿಯಬೇಡಿ. 1880ರಲ್ಲಿ ಮಾರಿಸ್ ವಿಡಾಲ್ ಪೋರ್ಟ್‌ಮನ್ ಎಂಬ ಬ್ರಿಟಿಷ್ ಅಧಿಕಾರಿ ಪಡೆ ಕಟ್ಟಿಕೊಂಡು ಈ ದ್ವೀಪಕ್ಕೆ ಇಳಿದ. ಒಬ್ಬ ಮುದುಕ, ಒಬ್ಬ ಮುದುಕಿ, ನಾಲ್ಕು ಮಕ್ಕಳನ್ನು ಹಿಡಿದು ಪೋರ್ಟ್ ಬ್ಲೇರ್‌ಗೆ ಸಾಗಿಸಿದ. ಹೊರಗಿನ ಗಾಳಿ ತಾಗಿದ್ದೇ ತಡ ಎಲ್ಲರೂ ಕಾಯಿಲೆ ಬಿದ್ದರು. ಮುದುಕ ಮುದುಕಿ ಸತ್ತರು. ಗಾಬರಿಯಾದ ಸಾಹೇಬ ಮಕ್ಕಳ ಕೈಗೆ ಒಂದಷ್ಟು ಉಡುಗೊರೆ ಕೊಟ್ಟು ದ್ವೀಪಕ್ಕೆ ಬಿಟ್ಟುಬಂದ. ಆ ಮಕ್ಕಳು ಉಡುಗೊರೆ ಜೊತೆ ಇನ್ನೇನು ಹೊತ್ತುಹೋದವೋ ಆ ದೇವರೇ ಬಲ್ಲ.

ಅಲ್ಲಿಂದೀಚೆಗೆ ದಡದ ಹತ್ತಿರ ಬಂದವರಿಗೆಲ್ಲ ಬಾಣವೇ ಉತ್ತರ. 2004ರ ಸುನಾಮಿಯ ನಂತರ ಇವರು ಬದುಕಿದ್ದಾರೋ ಇಲ್ಲವೋ ನೋಡಲು ಹೋದ ಕೋಸ್ಟ್ ಗಾರ್ಡ್ ಹೆಲಿಕಾಪ್ಟರಿಗೂ ಒಬ್ಬ ಬಿಲ್ಲು ಎತ್ತಿ ಗುರಿಯಿಟ್ಟ. ಆ ಫೋಟೋ ಜಗತ್ತೆಲ್ಲ ನೋಡಿತು. 2006ರಲ್ಲಿ ಇಬ್ಬರು ಮೀನುಗಾರರ ದೋಣಿ ರಾತ್ರಿ ತೇಲಿ ದಡ ಸೇರಿ, ಇಬ್ಬರೂ ಹೆಣವಾದರು.

ಒಮ್ಮೆ ಬೇರೆ ಥರ ನಡೆಯಿತು. 1991ರ ಜನವರಿ 4. ಸರ್ಕಾರಿ ತಂಡದಲ್ಲಿ ಮಧುಮಾಲಾ ಚಟ್ಟೋಪಾಧ್ಯಾಯ ಎಂಬ ಮಾನವಶಾಸ್ತ್ರಜ್ಞೆ ಇದ್ದರು. ದೋಣಿಯಿಂದ ತೆಂಗಿನಕಾಯಿ ನೀರಿಗೆ ತೇಲಿಬಿಟ್ಟರೆ ದ್ವೀಪದವರು ಎದೆಮಟ್ಟದ ನೀರಿಗಿಳಿದು ಆರಿಸಿಕೊಂಡರು, ಕೈಯಿಂದ ಕೈಗೂ ಇಸಿದುಕೊಂಡರು. ಆ ದ್ವೀಪದಲ್ಲಿ ತೆಂಗು ಬೆಳೆಯುವುದಿಲ್ಲ. ಕಾಯಿ ಬೇಕಿತ್ತು, ಬಂದವರು ಬೇಕಿರಲಿಲ್ಲ! ಕೆಲವು ವರ್ಷಗಳಲ್ಲಿ ಸರ್ಕಾರವೇ ಈ ಕಾಣಿಕೆ ಯಾತ್ರೆ ನಿಲ್ಲಿಸಿತು. ಅವರ ಪಾಡಿಗೆ ಅವರನ್ನು ಬಿಡುವುದೇ ಒಳ್ಳೆಯದು ಎಂಬುದು ಅಂದಿನಿಂದಲೂ ನೀತಿ. ಕಾನೂನು ಅದಕ್ಕೂ ಹಳೆಯದು. 1956ರ ಬುಡಕಟ್ಟು ಸಂರಕ್ಷಣಾ ನಿಯಮಾವಳಿಯ ಪ್ರಕಾರ ದ್ವೀಪದ ಸುತ್ತ ಐದು ನಾಟಿಕಲ್ ಮೈಲಿ, ಅಂದರೆ ಒಂಬತ್ತು ಕಿಲೋಮೀಟರಿಗೂ ಹೆಚ್ಚು ದೂರ, ಯಾರೂ ಸುಳಿಯುವಂತಿಲ್ಲ.

ವರ್ಷಗಟ್ಟಲೆ ತಯಾರಿ

ಜಾನ್‌ಗೆ ಇದೆಲ್ಲ ಗೊತ್ತಿತ್ತು. ಅವನ ತಂದೆ ಚೀನಾದಿಂದ ಅಮೆರಿಕಕ್ಕೆ ಬಂದು ನೆಲೆಸಿದ ಮನೋವೈದ್ಯರು. ಮಗ ಓಕ್ಲಹಾಮಾದ ಓರಲ್ ರಾಬರ್ಟ್ಸ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದ. ಗುಡ್ಡ ಹತ್ತುವುದು, ಸಮುದ್ರಕ್ಕೆ ಧುಮುಕುವುದು, ಮಕ್ಕಳಿಗೆ ಫುಟ್‌ಬಾಲ್ ಕಲಿಸುವುದು ಅವನ ಹವ್ಯಾಸ. ಕಾಡಿನಲ್ಲಿ ಪ್ರಥಮ ಚಿಕಿತ್ಸೆ ಮಾಡುವ ತರಬೇತಿ ಪಡೆದ. ಗೊತ್ತಿಲ್ಲದ ಭಾಷೆ ಕಲಿಯುವುದು ಹೇಗೆ ಅಂತ ಕೆನಡಾಕ್ಕೆ ಹೋಗಿ ಪಾಠ ಹೇಳಿಸಿಕೊಂಡ. ಅಂಡಮಾನಿಗೂ ಮುಂಚೆಯೇ ಬಂದು ಹೋಗಿದ್ದ.

ಕ್ಯಾನ್ಸಸ್ ಸಿಟಿಯ ‘ಆಲ್ ನೇಷನ್ಸ್’ ಎಂಬ ಮಿಷನ್ ಸಂಸ್ಥೆ ಅವನಿಗೆ ತರಬೇತಿ ಕೊಟ್ಟಿತು. ಎಂಥ ತರಬೇತಿ ಅಂತೀರಿ! ಒಂದು ನಕಲಿ ಹಳ್ಳಿ. ಅದರೊಳಗೆ ಸಂಸ್ಥೆಯವರೇ ಕಾಡುಜನರ ವೇಷದಲ್ಲಿ ಈಟಿ ಹಿಡಿದು, ಅರ್ಥವಾಗದ ಭಾಷೆಯಲ್ಲಿ ಅಬ್ಬರಿಸುತ್ತಿದ್ದರು. ತರಬೇತಿಗೆ ಬಂದವರು ಅವರ ಸ್ನೇಹ ಗಿಟ್ಟಿಸಬೇಕು. ಜಾನ್ ಚೆನ್ನಾಗಿ ಮಾಡಿದ ಎಂದು ಸಂಸ್ಥೆ ಹೇಳಿಕೊಂಡಿದೆ. ನಕಲಿ ಈಟಿಗೂ ಅಸಲಿ ಬಾಣಕ್ಕೂ ಇರುವ ವ್ಯತ್ಯಾಸವನ್ನು ಯಾವ ಶಾಲೆ ಹೇಳಿಕೊಟ್ಟೀತು?

2018ರ ಅಕ್ಟೋಬರ್ 16ರಂದು ಜಾನ್ ಪೋರ್ಟ್ ಬ್ಲೇರ್‌ಗೆ ಬಂದಿಳಿದ. ಅದೇ ವರ್ಷ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಅಂಡಮಾನ್-ನಿಕೋಬಾರಿನ 29 ದ್ವೀಪಗಳಿಗೆ ವಿದೇಶಿಯರು ಪಡೆಯಬೇಕಾಗಿದ್ದ ಒಂದು ಪರವಾನಗಿಯನ್ನು ಸಡಿಲಿಸಿತ್ತು. ಉತ್ತರ ಸೆಂಟಿನೆಲ್ ಹೆಸರೂ ಆ ಪಟ್ಟಿಯಲ್ಲಿತ್ತು! ಆದರೆ ಬುಡಕಟ್ಟು ಕಾನೂನಿನ ನಿಷೇಧ ಹಾಗೇ ಇತ್ತು. ಒಂದು ಕಡೆ ಚಿಲಕ ತೆಗೆದು ಇನ್ನೊಂದು ಕಡೆ ಬೀಗ ಉಳಿಸುವುದು ನಮ್ಮ ಆಫೀಸುಗಳಿಗೆ ಹೊಸದೇನಲ್ಲ. ಬೀಗ ಇದ್ದದ್ದು ಜಾನ್‌ಗೆ ತಿಳಿದಿತ್ತು. ಅದಕ್ಕೇ ಕತ್ತಲಾಗುವುದನ್ನು ಕಾದ.

ಐದು ಜನ ಮೀನುಗಾರರನ್ನು ಗೊತ್ತುಮಾಡಿದ. ಬರ್ಮಾದಿಂದ ಬಹಳ ಹಿಂದೆ ಬಂದು ಅಂಡಮಾನಿನಲ್ಲಿ ನೆಲೆಯಾದ ಕರೆನ್ ಸಮುದಾಯದವರು. ಕೊಟ್ಟ ಹಣ 25,000 ರೂಪಾಯಿ. ಸಮನಾಗಿ ಹಂಚಿದರೆ ತಲೆಗೆ ಐದು ಸಾವಿರ. ಹೋಗಿ ಬಿಟ್ಟು ಬರುವುದಕ್ಕೆ ಒಳ್ಳೆ ಬಾಡಿಗೆ. ಆದರೆ ಬಾಡಿಗೆ ಕೊನೆಗೆ ಎಷ್ಟು ದುಬಾರಿ ಬಿತ್ತು ಎಂಬುದು ಮುಂದಿದೆ.

ಮೊದಲ ಸಲ: ಮೀನು ಎಸೆದು ಓಟ

ನವೆಂಬರ್ 14ರ ರಾತ್ರಿ ಯಂತ್ರದ ದೋಣಿ ಹೊರಟಿತು. ಕೋಸ್ಟ್ ಗಾರ್ಡ್ ಗಸ್ತಿನ ಕಣ್ಣು ತಪ್ಪಿಸಿ, ಕತ್ತಲಲ್ಲೇ ದ್ವೀಪದ ಹತ್ತಿರ ಲಂಗರು ಹಾಕಿತು. ಬೆಳಗಾದ ಮೇಲೆ ಜಾನ್ ತನ್ನ ಕಯಾಕ್‌ನಲ್ಲಿ, ಒಬ್ಬನೇ ಹುಟ್ಟು ಹಾಕುವ ಕಿರುದೋಣಿಯಲ್ಲಿ, ಮೀನು ಇಟ್ಟುಕೊಂಡು ದಡದತ್ತ ಹೊರಟ. ಮೀನುಗಾರರು ಮುಂದೆ ಹೋಗಲಿಲ್ಲ. ಅವರಿಗೆ ಬುದ್ಧಿ ಇತ್ತು.

ದಡದಲ್ಲಿ ಗುಡಿಸಲು ಕಂಡವು. ಹೆಂಗಸರ ಮಾತು ಕೇಳಿಸಿತು. ಅಷ್ಟರಲ್ಲಿ ಬಿಲ್ಲು ಹಿಡಿದ ಇಬ್ಬರು ಕೂಗುತ್ತಾ ನುಗ್ಗಿಬಂದರು. ಜಾನ್ ದೋಣಿಯಿಂದಲೇ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳಿ, ತನಗೂ ಏಸುವಿಗೂ ಅವರ ಮೇಲೆ ಪ್ರೀತಿ ಇದೆ ಎಂದು ಕೂಗಿದ. ಅವರು ಬಾಣ ಹೂಡಿದರು. ಜಾನ್ ಕೈಕಾಲು ನಡುಗಿ ಮೀನನ್ನು ಅವರತ್ತ ಎಸೆದ. ಅವರು ನಿಲ್ಲಲಿಲ್ಲ. ಜೀವಮಾನದಲ್ಲೇ ಹಾಗೆ ಹುಟ್ಟು ಹಾಕಿರಲಿಲ್ಲ ಎನ್ನುವಷ್ಟು ವೇಗದಲ್ಲಿ ವಾಪಸು ದೋಣಿ ಸೇರಿದ. ಭಯಕ್ಕಿಂತ ಹೆಚ್ಚಾಗಿ ಆದದ್ದು ನಿರಾಸೆ ಎಂದು ಬರೆದುಕೊಂಡಿದ್ದಾನೆ. ತಕ್ಷಣ ತನ್ನನ್ನು ಒಪ್ಪಿಕೊಳ್ಳಲಿಲ್ಲವಲ್ಲ ಎಂಬ ನಿರಾಸೆ!

ಎರಡನೇ ಸಲ: ನಗು, ಹಾಡು, ಬಾಣ

ಸುಮ್ಮನೆ ತಿರುಗಿ ಹೋಗಿದ್ದರೆ ಇಷ್ಟಕ್ಕೆ ಮುಗಿಯುತ್ತಿತ್ತು. ಅದೇ ದಿನ ಮತ್ತೆ ಹೊರಟ. ಈ ಸಲ ಮೀನಿನ ಜೊತೆ ಕತ್ತರಿ, ಹಗ್ಗ, ಸೇಫ್ಟಿ ಪಿನ್ನು, ಒಂದು ಫುಟ್‌ಬಾಲ್. ಬಾಣಕ್ಕೆ ಸಿಗದಷ್ಟು ದೂರದಲ್ಲಿ ನಿಂತ.

ದಡದಲ್ಲಿ ಆರೇಳು ಜನ ಕೂಗುತ್ತಿದ್ದರು. ಅವರು ಕೂಗಿದ್ದನ್ನೇ ಗಿಣಿಯ ಹಾಗೆ ಜಾನ್ ತಿರುಗಿ ಕೂಗಿದ. ಅವರು ಬಿದ್ದು ಬಿದ್ದು ನಕ್ಕರು. ಬಹುಶಃ ಬೈಗುಳವನ್ನೇ ಹೇಳಿಕೊಡುತ್ತಿದ್ದರು ಎಂದು ಅವನೇ ಬರೆದಿದ್ದಾನೆ. ಇಡೀ 13 ಪುಟದಲ್ಲಿ ಎರಡು ಕಡೆಯವರೂ ಮನುಷ್ಯರಾಗಿ ಕಾಣುವ ಜಾಗ ಇದೊಂದೇ ಇರಬೇಕು. ಯಾವ ಊರಿನ ಹುಡುಗರಾದರೂ ಭಾಷೆ ಬಾರದ ಪರಸ್ಥಳದವನಿಗೆ ಮೊದಲು ಕಲಿಸುವುದು ಇನ್ನೇನನ್ನು?

ಇಬ್ಬರು ಬಿಲ್ಲು ಕೆಳಗಿಟ್ಟು ಮರದ ದೋಣಿಯಲ್ಲಿ ಹತ್ತಿರ ಬಂದು ಸಾಮಾನು ಎತ್ತಿಕೊಂಡರು. ಜಾನ್‌ಗೆ ಧೈರ್ಯ ಬಂತು. ಭಕ್ತಿಗೀತೆ ಹಾಡಿದ. ಹಾಡುವಾಗ ಅವರು ಸುಮ್ಮನಾದರು. ದಕ್ಷಿಣ ಆಫ್ರಿಕಾದಲ್ಲಿ ಕಲಿತಿದ್ದ ಖೋಸಾ ಭಾಷೆಯ ನಾಲ್ಕು ಮಾತು ಆಡಿನೋಡಿದ. ಆಫ್ರಿಕಾದ ಮಾತು ಬಂಗಾಳ ಕೊಲ್ಲಿಯಲ್ಲಿ ಯಾರಿಗೆ ತಿಳಿದೀತು? ತಲೆಗೆ ಬಿಳಿ ಕಿರೀಟದಂಥದ್ದು ಧರಿಸಿದ್ದ ಒಬ್ಬ, ಯಜಮಾನನೇ ಇರಬಹುದು, ಹವಳದ ಬಂಡೆಯ ಮೇಲೆ ನಿಂತು ಅಬ್ಬರಿಸುತ್ತಿದ್ದ. ಜಾನ್ ಕಯಾಕ್‌ನಿಂದ ನೀರಿಗಿಳಿದು, ನೀರು ಹತ್ತದ ಬೈಬಲ್ಲನ್ನು ಎದೆಗೆ ಹಿಡಿದು, ಸೃಷ್ಟಿಯ ಅಧ್ಯಾಯದಿಂದ ಬೋಧನೆ ಶುರು ಮಾಡಿದ.

ಆಗ ಒಬ್ಬ ಹುಡುಗ ಬಾಣ ಬಿಟ್ಟ. ಹತ್ತು ವರ್ಷದ ಆಸುಪಾಸಿನ ಪೋರ. ಬಾಣ ನೇರ ಬಂದು ಬೈಬಲ್ಲಿಗೆ ಚುಚ್ಚಿತು. ಪುಸ್ತಕ ಇಲ್ಲದಿದ್ದರೆ ಅದು ಎದೆಗೇ. ಜಾನ್ ಅದರ ಮೊನೆ ಮುಟ್ಟಿ ನೋಡಿದ. ತೆಳು ಲೋಹ, ಬಲು ಹರಿತ. ಕಬ್ಬಿಣ ಕಾಯಿಸುವುದನ್ನರಿಯದ ಈ ಜನಕ್ಕೆ ಲೋಹ ಸಿಗುವುದು ಸಮುದ್ರ ತಂದು ಹಾಕಿದ್ದರಿಂದ. 1981ರಲ್ಲಿ ‘ಪ್ರಿಮ್‌ರೋಸ್’ ಎಂಬ ಸರಕು ಹಡಗು ಇದೇ ದ್ವೀಪದ ಹವಳದ ದಿಬ್ಬಕ್ಕೆ ಸಿಕ್ಕಿಬಿದ್ದಿತ್ತು. ನಾವಿಕರನ್ನು ಹೆಲಿಕಾಪ್ಟರಿನಲ್ಲಿ ಪಾರು ಮಾಡಿದರು, ಹಡಗು ಅಲ್ಲೇ ಉಳಿಯಿತು. ಅದರ ಕಬ್ಬಿಣ ದ್ವೀಪದವರ ಪಾಲಾಯಿತು.

ಅಷ್ಟು ಹೊತ್ತಿಗೆ ಕಯಾಕ್ ಕೂಡ ಅವರ ವಶ. ಜಾನ್ ಬರಿಗೈಲಿ ಸುಮಾರು ಒಂದು ಮೈಲಿ ಈಜಿ ಮೀನುಗಾರರ ದೋಣಿ ಸೇರಿದ.

ಸೂರ್ಯ ಮುಳುಗುವಾಗ

ಆ ಸಂಜೆಯ ಪುಟಗಳು ಓದಲು ಕಷ್ಟ. ಸೂರ್ಯ ಮುಳುಗುವುದನ್ನು ನೋಡುತ್ತಾ ಜಾನ್ ಅತ್ತ. ತಾನು ಕಾಣುವ ಕಡೆಯ ಸೂರ್ಯಾಸ್ತ ಇದೇ ಇರಬಹುದೇ ಎಂದುಕೊಂಡ. ಸಾಯಲು ಇಷ್ಟವಿಲ್ಲ ಎಂದೂ ಬರೆದ. ಹಾಗಾದರೆ ವಾಪಸು ಹೋಗಲಿಲ್ಲ ಯಾಕೆ? ಈ ದ್ವೀಪ ಸೈತಾನನ ಕಟ್ಟಕಡೆಯ ಕೋಟೆಯೇ ಎಂದು ದೇವರನ್ನು ಕೇಳಿದ್ದಾನೆ. ಏಸುವಿನ ಹೆಸರನ್ನೇ ಕೇಳದ ಜನ ಹಾಗೇ ಸತ್ತರೆ ಅವರಿಗೆ ನರಕವೇ ಗತಿ ಎಂಬುದು ಅವನ ನಂಬಿಕೆ. ಅಷ್ಟು ಬಲವಾಗಿ ನಂಬಿದವನಿಗೆ ವಾಪಸು ಹೋಗುವುದೇ ಪಾಪವಾಗಿ ಕಂಡಿತು. ದುಡ್ಡಿಗೆ ಬಂದವನಲ್ಲ, ಹೆಸರಿಗೆ ಬಂದವನೂ ಅಲ್ಲ. ಆದರೆ ಆ ದಿನ ಎರಡು ಸಲ, ಎರಡನೇ ಸಲ ಬಾಣದ ಮೂಲಕವೇ, ‘ಬರಬೇಡ’ ಅಂತ ಹೇಳಿಸಿಕೊಂಡಿದ್ದ. ಆ ಮಾತಿಗೆ ದುಭಾಷಿ ಬೇಕಿರಲಿಲ್ಲ.

ನಮ್ಮ ನಾಡಿಗೂ ಮಿಷನರಿಗಳು ಬಂದಿದ್ದುಂಟು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದರು. 1853ರಲ್ಲಿ ಬಂದ ಕಿಟ್ಟೆಲ್ ಸಾಹೇಬರ ಕನ್ನಡ ನಿಘಂಟು ಹೊರಬಂದದ್ದು 1894ರಲ್ಲಿ. ಅವರ ಮತಪ್ರಚಾರದ ಬಗ್ಗೆಯೂ ತಕರಾರು ಇದ್ದೇ ಇತ್ತು. ಆದರೂ ಇಲ್ಲಿ ಅವರ ಎದುರು ಕೂತು ಭಾಷೆ ಹೇಳಿಕೊಟ್ಟವರಿದ್ದರು, ಒಪ್ಪಿದವರಿದ್ದರು, ವಾದ ಹೂಡಿ ಬೇಡವೆಂದವರೂ ಇದ್ದರು. ಸೆಂಟಿನೆಲ್‌ನಲ್ಲಿ ಮಾತಿಗೆ ಮೊದಲು ಹತ್ತಿರ ಬರುವುದೇ ಅಪಾಯ. ಬಾಣದ ಅಪಾಯವಲ್ಲ, ಉಸಿರಿನ ಅಪಾಯ.

ಸೀನಿದರೆ ಸಾವು

ಕಿಕ್ಕಿರಿದ ಬಸ್ಸಿನಲ್ಲಿ ಪಕ್ಕದವರು ಸೀನಿದರೆ ನಾವು ಮುಖ ತಿರುಗಿಸುತ್ತೇವೆ. ಹೆಚ್ಚೆಂದರೆ ಎರಡು ದಿನ ನೆಗಡಿ. ತಲತಲಾಂತರದಿಂದ ಈ ರೋಗಗಳ ಜೊತೆ ಬದುಕಿದ ನಮ್ಮ ಮೈಗೆ ಅದರ ಪರಿಚಯವಿದೆ. ದ್ವೀಪದವರ ಮೈಗೆ ಇಲ್ಲ. ಅವರಿಗೆ ಫ್ಲೂ, ದಡಾರ ಬಂದರೆ ಊರಿಗೆ ಊರೇ ಖಾಲಿ.

ಇದು ಬರೀ ಊಹೆಯಲ್ಲ. 1858ರಲ್ಲಿ ಬ್ರಿಟಿಷರು ಪೋರ್ಟ್ ಬ್ಲೇರ್‌ನಲ್ಲಿ ಕೈದಿಗಳ ವಸಾಹತು ಮಾಡಿದಾಗ ಗ್ರೇಟ್ ಅಂಡಮಾನೀಸ್ ಜನ ಐದು ಸಾವಿರಕ್ಕೂ ಹೆಚ್ಚಿದ್ದರೆಂದು ಅಂದಾಜು. 1877ರಲ್ಲಿ ದಡಾರ ಬಂತು. ಬೇರೆ ರೋಗಗಳೂ ಬಂದವು. 1961ರ ಎಣಿಕೆಗೆ ಸಿಕ್ಕವರು 19 ಜನ! ಅಂದರೆ ನೂರು ವರ್ಷದಲ್ಲಿ ಒಂದು ಜನಾಂಗವೇ ಒಂದು ಜೀಪಿನಲ್ಲಿ ತುಂಬುವಷ್ಟಕ್ಕೆ ಇಳಿಯಿತು.

ಜಾನ್ ಇದಕ್ಕೂ ತಯಾರಿ ಮಾಡಿಕೊಂಡಿದ್ದ ಎನ್ನುತ್ತದೆ ಅವನ ಸಂಸ್ಥೆ. ಹದಿಮೂರು ಬಗೆಯ ಲಸಿಕೆ ಹಾಕಿಸಿಕೊಂಡಿದ್ದ, ಹೊರಡುವ ಮುಂಚೆ ಪೋರ್ಟ್ ಬ್ಲೇರ್‌ನಲ್ಲಿ ಕೆಲವು ದಿನ ಯಾರ ಕಣ್ಣಿಗೂ ಬೀಳದೆ ಒಂದು ಮನೆಯೊಳಗಿದ್ದ. ಒಳ್ಳೆಯದೇ. ಆದರೆ ಲಸಿಕೆ ಹಾಕಿಸಿಕೊಂಡವನನ್ನು ಕಾಯುತ್ತದೆ. ಅವನ ಉಸಿರಿನಲ್ಲಿ, ಚರ್ಮದಲ್ಲಿ, ಕೊಟ್ಟ ಫುಟ್‌ಬಾಲಿನಲ್ಲಿ ಅಂಟಿಕೊಂಡದ್ದನ್ನೆಲ್ಲ ತೊಳೆಯುವುದಿಲ್ಲ. ಮೀನುಗಾರರ ದೋಣಿಯಲ್ಲಿ ಎರಡು ರಾತ್ರಿ ಅವರ ಪಕ್ಕದಲ್ಲೇ ಕಳೆದದ್ದನ್ನು ಯಾವ ಲೆಕ್ಕಕ್ಕೆ ಹಾಕುವುದು?

ಶುಕ್ರವಾರ, ಶನಿವಾರ

ನವೆಂಬರ್ 16ರಂದು ಜಾನ್ ಮನೆಯವರಿಗೆ ಕಡೆಯ ಪತ್ರ ಬರೆದ. ತನಗೇನಾದರೂ ಆದರೆ ದ್ವೀಪದವರ ಮೇಲಾಗಲಿ ದೇವರ ಮೇಲಾಗಲಿ ಕೋಪ ಮಾಡಿಕೊಳ್ಳಬೇಡಿ ಎಂಬುದು ಅದರ ಸಾರ. ಬರಹ ಮೀನುಗಾರರ ಕೈಗಿತ್ತು, ನೀವು ಹೊರಡಿ ಎಂದು ಹೇಳಿ ದಡಕ್ಕೆ ಹೋದ. ಅಲ್ಲಿ ಏನಾಯಿತೋ ನೋಡಿದ ಹೊರಗಿನವರಿಲ್ಲ.

ಮರುದಿನ ಬೆಳಗ್ಗೆ ಮೀನುಗಾರರು ದೋಣಿ ತಂದು ನೋಡಿದರು. ದ್ವೀಪದವರು ಒಂದು ಹೆಣವನ್ನು ಮರಳಿನ ಮೇಲೆ ಎಳೆದುಕೊಂಡು ಹೋಗಿ ಹೂಳುತ್ತಿದ್ದರು. ಬಟ್ಟೆ, ಆಕಾರ ನೋಡಿ ಜಾನ್ ಎಂದು ಗುರುತಿಸಿದರು. ಕಂಗಾಲಾಗಿ ಪೋರ್ಟ್ ಬ್ಲೇರ್‌ಗೆ ಬಂದು ಜಾನ್‌ನ ಸ್ಥಳೀಯ ಸ್ನೇಹಿತನಿಗೆ ಹೇಳಿ ಬರಹ ಕೊಟ್ಟರು. ಅಮೆರಿಕಕ್ಕೆ ಸುದ್ದಿ ಹೋಗಿ, ಚೆನ್ನೈನ ಅಮೆರಿಕನ್ ಕಾನ್ಸುಲೇಟ್ ಮೂಲಕ ಪೊಲೀಸರಿಗೆ ತಿಳಿಯಿತು.

ಪೊಲೀಸರು ಎರಡು ಕೇಸು ಹಾಕಿದರು. ಕೊಲೆ ಕೇಸು ‘ಅಪರಿಚಿತರ’ ಮೇಲೆ. ಅಪರಿಚಿತರು ಎಂಬ ಮಾತು ಪೊಲೀಸ್ ಕಾಗದದಲ್ಲಿ ಇಷ್ಟು ನಿಜವಾದದ್ದು ಅಪರೂಪ! ಇನ್ನೊಂದು ಕೇಸು ನಿಷೇಧ ಮುರಿದದ್ದಕ್ಕೆ. ಅದರಲ್ಲಿ ಒಳಗೆ ಹೋದವರು ಏಳು ಜನ: ಐದು ಮೀನುಗಾರರು, ಆ ಸ್ನೇಹಿತ, ಜೊತೆಗೆ ಒಬ್ಬ ಗೈಡು. ಸಂಸ್ಥೆಯವರು ಕ್ಯಾನ್ಸಸ್ ಸಿಟಿಯಲ್ಲಿ, ಸತ್ತವನು ಮರಳಿನಲ್ಲಿ. ತಲೆಗೆ ಐದು ಸಾವಿರದ ಲೆಕ್ಕದವರು ಲಾಕಪ್ಪಿನಲ್ಲಿ.

ಹೆಣ ತರಲು ಪೊಲೀಸ್ ದೋಣಿ ಹೊರಟಿತು. ದಡದಿಂದ ನಾನೂರು ಮೀಟರು ದೂರದಲ್ಲಿ ನಿಂತು ದುರ್ಬೀನು ಹಾಕಿದರೆ ಬಿಲ್ಲು ಬಾಣ ಹಿಡಿದವರು ಸಾಲಾಗಿ ಕಂಡರು. ಪೊಲೀಸರು ಸದ್ದಿಲ್ಲದೆ ಹಿಂದಿರುಗಿದರು. ನುಗ್ಗಿ ಹೆಣ ತರುವುದು ಬೇಡವೇ ಬೇಡ, ಜಗಳದಲ್ಲಿ ಇನ್ನಷ್ಟು ಹೆಣ ಬಿದ್ದೀತು, ಇಲ್ಲವೇ ರೋಗ ಹತ್ತೀತು ಎಂದು ಮಾನವಶಾಸ್ತ್ರಜ್ಞರು ಒತ್ತಾಯಿಸಿದರು. ಆಡಳಿತ ಆ ಪ್ರಯತ್ನ ಕೈಬಿಟ್ಟಿತು. ಪೊಲೀಸರು ಹೀಗೆ ಹಿಂದೆ ಸರಿದದ್ದನ್ನು ಹೇಡಿತನ ಎನ್ನಲಾಗದು, ಆ ವಾರದಲ್ಲಿ ನಡೆದ ಕೆಲಸಗಳಲ್ಲಿ ವಿವೇಕದ್ದು ಅದೇ. ದ್ವೀಪದವರ ಮೇಲೆ ಕ್ರಮ ಬೇಕೆಂದು ಅಮೆರಿಕ ಸರ್ಕಾರವೂ ಕೇಳಲಿಲ್ಲ.

ಜಾನ್ ಮನೆಯವರು ದ್ವೀಪದವರನ್ನು ಕ್ಷಮಿಸಿದ್ದೇವೆ ಎಂದು ಹೇಳಿಕೆ ಕೊಟ್ಟರು. ಅದರಲ್ಲೇ ಇನ್ನೊಂದು ಮಾತಿತ್ತು. ತಮ್ಮ ಮಗ ಹೋದದ್ದು ಸ್ವಂತ ಇಚ್ಛೆಯಿಂದ, ಅವನ ಕೆಲಸಕ್ಕೆ ಸ್ಥಳೀಯರನ್ನು ಪೀಡಿಸಬೇಡಿ, ಹಿಡಿದಿಟ್ಟವರನ್ನು ಬಿಟ್ಟುಬಿಡಿ ಎಂದು ಕೋರಿದ್ದರು. ಮರುವರ್ಷ ತಂದೆ ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆಗೆ ಬೇರೆಯದೇ ನೋವು ತೋಡಿಕೊಂಡರು. ಮಗನ ತಲೆಯಲ್ಲಿ ಅತಿರೇಕದ ವಿಚಾರ ತುಂಬಿದವರು ಮಿಷನರಿ ಸಮುದಾಯದವರು ಎಂಬುದು ಅವರ ಆರೋಪ. 

2025ರ ಮಾರ್ಚಿನಲ್ಲಿ ಇನ್ನೊಬ್ಬ ಅಮೆರಿಕನ್ ಯುವಕ ಇದೇ ದಡಕ್ಕೆ ಹೋದ. ಇವನು ಮಿಷನರಿಯಲ್ಲ, ವಿಡಿಯೋ ಹುಚ್ಚಿನವನು. ಸೀಟಿ ಊದಿದ, ಕ್ಯಾಮೆರಾ ತಿರುಗಿಸಿದ, ಮರಳಿನ ಮೇಲೆ ಒಂದು ತೆಂಗಿನಕಾಯಿ, ಒಂದು ಡಯೆಟ್ ಕೋಕ್ ಡಬ್ಬಿ ಇಟ್ಟು ಬಂದ. ದ್ವೀಪದವರು ಯಾರೂ ಹೊರಗೆ ಬರಲಿಲ್ಲ. ಮಾರ್ಚ್ 31ರಂದು ಪೊಲೀಸರು ಅವನನ್ನು ಹಿಡಿದರು.